ಮಾಸ್ತರರ ಒಂದೇ ಪ್ರಶ್ನೆ

ಶೇಂಗಾ ಹುರಿಯುವ ವಾಸನೆ ಎಲ್ಲಿಂದಲಾದರೂ ತೇಲಿ ಬಂದರೆ, ನನ್ನ ಕೈ ಇಂದಿಗೂ ತಾನಾಗಿ ಬಾಗಿಲ ಅಗುಳಿ ಹುಡುಕುತ್ತದೆ. ಸೋಲಾಪುರದ ನಮ್ಮ ಮನೆಯಲ್ಲಿ ಅಪ್ಪನ ತಾಯಿ, ನಮ್ಮ ಆಯಿ, ಒಲೆಯ ಮುಂದೆ ಶೇಂಗಾ ಹುರಿಯುವ ಹೊತ್ತಿಗೇ ಅಕ್ಕಲಕೋಟೆಯ ಮಾಸ್ತರರು ಪಡಸಾಲೆಯಲ್ಲಿ ನನಗೆ ಇಂಗ್ಲಿಷ್ ಕಲಿಸುತ್ತಿದ್ದರು. ಬಾಯಿಪಾಠ ಅವರಿಗೆ ಸೇರುತ್ತಿರಲಿಲ್ಲ. ಮಳೆ ಬರುತ್ತದೆ ಎಂದು ಇಂಗ್ಲಿಷಿನಲ್ಲಿ ಹೇಳಿದರೆ, ‘ಹೌ ಡು ಯು ನೋ?’ ಎನ್ನುತ್ತಿದ್ದರು, ನಿನಗೆ ಹೇಗೆ ಗೊತ್ತು? ಇರುವೆಗಳು ತತ್ತಿ ಹೊತ್ತು ಗೋಡೆ ಏರುತ್ತಿವೆ ಎಂದು ಅದೇ ಭಾಷೆಯಲ್ಲಿ ಕಾರಣ ಕೊಡುವವರೆಗೆ ಬಿಡುತ್ತಿರಲಿಲ್ಲ. ಕನ್ನಡದಲ್ಲೂ ಮರಾಠಿಯಲ್ಲೂ ಹಿರಿಯರ ಮಾತಿಗೆ ತಲೆಯಾಡಿಸಿಯೇ ಬೆಳೆದ ನಾನು, ಯೋಚಿಸಿ ಎದುರು ಮಾತಾಡಲು ಕಲಿತದ್ದು ಆ ಪರಭಾಷೆಯಲ್ಲಿ. ಆಯಿಗೆ ಮಾತ್ರ ಅವರ ಮೇಲೆ ಗುಮಾನಿ. “ಈ ಮಾಸ್ತರ ಪಾಠಾ ಹೇಳಾಕ ಬರ್ತಾನೋ, ಮನ್ಯಾಗಿನ ಮಾತು ಎಣಸಾಕ ಬರ್ತಾನೋ,” ಎನ್ನುತ್ತಿದ್ದಳು. “ಶೇಂಗಾ ಅಂತೂ ಎಣಸದ ತಿಂತಾನ ಬಿಡವ್ವಾ,” ಎಂದು ಅಪ್ಪನ ತಮ್ಮ, ನಮ್ಮ ಕಾಕಾ, ನಗುತ್ತಿದ್ದ.

ಸ್ವರಾಜ್ಯದ ಚಳವಳಿ ಅಡಗಿಸಲು ಊರಿಗೆ ಇಂಗ್ಲಿಷರ ಲಷ್ಕರ ಬಂದ ಬೇಸಿಗೆ ಅದು. ಬಿಳಿ ಖಾದಿ ಟೊಪ್ಪಿಗೆ ಕಂಡರೂ ಹಿಡಿಯುತ್ತಿದ್ದರು. ಮೆರವಣಿಗೆಯಲ್ಲಿ ಬಾವುಟ ಹಿಡಿದಿದ್ದ ಕಾಕಾ ಒಂದು ಮಧ್ಯಾಹ್ನ ನಮ್ಮ ಗಾಡಿ ಕಟ್ಟಿಕೊಂಡು ಅಕ್ಕಲಕೋಟೆಗೆ ಹೋಗುವ ಕುಂಭಾರಿಯ ದಾರಿ ಹಿಡಿದ. ಅಕ್ಕಲಕೋಟೆ ಬೇರೆ ಸಂಸ್ಥಾನ. ಅಲ್ಲಿಗೆ ಮುಟ್ಟಿದರೆ ಉಳಿದಂತೆ. ಗಾಡಿಯ ಧೂಳು ಅಡಗುವ ಮೊದಲೇ ಗೋರಾ ಸಾರ್ಜಂಟನೊಬ್ಬ ಬಾಗಿಲಲ್ಲಿ ನಿಂತ. ಅವನ ಪಕ್ಕದಲ್ಲಿ, ದುಭಾಷಿಯಾಗಿ, ನಮ್ಮ ಮಾಸ್ತರರು.

“ಅವ್ವಾರ, ನಿಮ್ಮ ಸಣ್ಣ ಮಗಾ ಎಲ್ಲಿ ಹೋಗ್ಯಾರಂತ ಸಾಹೇಬರು ಕೇಳಾಕತ್ತಾರ್ರಿ.”

ಆಯಿ ಹಂಚಿನಿಂದ ಕಣ್ಣೆತ್ತಲಿಲ್ಲ. “ದಿನಾ ಬರಾಂವ ನೀನು. ನೀನ ಹೇಳಪಾ.”

ಕಾಕಾ ಹೋಟಗಿ ಜಂಕ್ಷನ್ನಿಗೆ, ಮದ್ರಾಸಿನ ರೈಲು ಹಿಡಿಯಲು ಹೋದ ಎಂದು ನಾನು ನೇರವಾಗಿ ಸಾರ್ಜಂಟನಿಗೆ ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ. ಅವನು ಮಾಸ್ತರರ ಕಡೆ ತಿರುಗಿದ. ಅವರ ಕಣ್ಣು ಅಂಗಳದಲ್ಲಿ ಗಾಡಿ ನಿಲ್ಲುವ ಜಾಗಕ್ಕೆ ಹೋಗಿ ಬಂದದ್ದನ್ನು ಕಂಡೆ. ಅದು ಖಾಲಿಯಿತ್ತು; ರೈಲಿಗೆ ಹೋದವನ ಗಾಡಿ ಮನೆಯಲ್ಲಿರಬೇಕಿತ್ತು. ಆಮೇಲೆ ನನ್ನನ್ನೇ ನೋಡುತ್ತ ಕೇಳಿದರು: “ಹೌ ಡು ಯು ನೋ?”

ಮಾತು ಸಾಲಾಗಿ ಬಂತು: ಆಯಿ ಎರಡು ದಿನದ ಬುತ್ತಿ ಕಟ್ಟಿದಳು, ಮದ್ರಾಸು ದೂರವಲ್ಲವೇ. ಮಾಸ್ತರರು, “ಹುಡುಗಿಯ ಕಾರಣ ಸರಿಯಾಗಿದೆ ಸರ್,” ಎಂದರು. ಲಷ್ಕರದ ಲಾರಿ ಹೋಟಗಿಯ ಕಡೆ ಹೊರಟಿತು. ಹಂಚಿನ ಮೇಲೆ ಶೇಂಗಾ ಸೀದು ಕರಿಯಾಗಿತ್ತು.

ಮರುದಿನ ಸಂಜೆ ಮಾಸ್ತರರು ಎಂದಿನಂತೆ ಬಂದರು. “ಹುಡಿಗಿ ಕಲತಾಳ, ಸಾಕ್ರಿ ಮಾಸ್ತರ,” ಎಂದು ಆಯಿ ಹೊಸ್ತಿಲಲ್ಲೇ ನಿಲ್ಲಿಸಿದಳು. ಚಪ್ಪಲಿ ಬಿಡಲು ಎತ್ತಿದ ಕಾಲನ್ನು ಹಾಗೆಯೇ ಕೆಳಗಿಟ್ಟು ಹೊರಟುಹೋದರು. ಮತ್ತೆ ಅವರನ್ನು ನೋಡಲಿಲ್ಲ.

ಕಾಕಾ ಜೀವಸಹಿತ ಮರಳಿದ. ಈಗ ಅವನೂ ಇಲ್ಲ, ಆಯಿಯೂ ಇಲ್ಲ. ಆ ಪಡಸಾಲೆಯಲ್ಲಿ ಯಾರದೋ ನೂಲಿನ ಮೂಟೆಗಳಿವೆ. ಸಾರ್ಜಂಟನಿಗೆ ನಮ್ಮ ಮನೆ ತೋರಿಸಿದವರು ಯಾರು? ಮಾಸ್ತರರು ನಮ್ಮನ್ನು ಉಳಿಸಿದರು ಎಂದು ಮನಸ್ಸು ಹೇಳಿದಾಗಲೆಲ್ಲ ಅವರದೇ ಮೆಲುದನಿ ಹಳೆಯ ಪ್ರಶ್ನೆ ಕೇಳುತ್ತದೆ. ನಾಲ್ಕು ಭಾಷೆ ಕಲಿತಿದ್ದೇನೆ. ಯಾವುದರಲ್ಲೂ ನನ್ನ ಬಳಿ ಕಾರಣವಿಲ್ಲ.