ರಾಡಿಯೊಳಗೆ ಹೋದ ಕೈ

ಆಫೀಸಿನ ಹಿಂಬಾಗಿಲಲ್ಲಿ ರಟ್ಟಿನ ಪೆಟ್ಟಿಗೆಗಳು ಮಳೆಗೆ ನೆನೆದು ಕುಸಿದಿದ್ದವು. ನೆನೆದ ರಟ್ಟಿನ ವಾಸನೆ ನಿಮಗೂ ಗೊತ್ತಿರಬಹುದು: ಅಂಟು, ಶಾಯಿ, ಒಂದಿಷ್ಟು ಹುಳಿ. ಗ್ರ್ಯಾಂಡ್ ಕೆನಾಲ್ ಡಾಕ್‌ನ ಈ ಆಫೀಸಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ನಾನು ಮುಟ್ಟುವ ಕಾಗದವೆಂದರೆ ಕಾಫಿ ಲೋಟ ಮಾತ್ರ. ಆದರೂ ಆ ವಾಸನೆ ನನ್ನನ್ನು ಎಂಟು ವರ್ಷ ಹಿಂದಕ್ಕೆ, ಡನ್‌ಡಾಕ್ ಎಂಬ ಊರಿಗೆ ಎಳೆದೊಯ್ದಿತು.

ಅಲ್ಲಿ ಮಾಸ್ಟರ್ಸ್ ಓದುವಾಗ ಪ್ರಾಜೆಕ್ಟಿಗೆಂದು ಒಂದು ಕಾಗದದ ಕಾರ್ಖಾನೆಗೆ ಹೋಗುತ್ತಿದ್ದೆ. ಹಳೆಯ ಕಾಗದವನ್ನು ನೀರಿನಲ್ಲಿ ಕದಡಿ ಹೊಸದು ಮಾಡುವ ಜಾಗ. ಕೆಲಸಕ್ಕೆ ಬಾರದ ನಾರು, ಶಾಯಿ ಎಲ್ಲ ಬೂದು ರಾಡಿಯಾಗಿ ಉಳಿಯುತ್ತಿತ್ತು. ಅದನ್ನು ಹಿಂಡಿ ಬಾಯ್ಲರಿಗೆ ಹಾಕಿ, ಬಂದ ಆವಿಯಿಂದ ಹೊಸ ಕಾಗದ ಒಣಗಿಸುತ್ತಿದ್ದರು. ಹಳೆಯದು ಉರಿದು ಹೊಸದನ್ನು ಒಣಗಿಸುವ ಈ ಏರ್ಪಾಡು ನನಗೆ ಬಹಳ ಹಿಡಿಸಿತ್ತು. ಯೂರೋಪಿನ ಕಾಗದ ಮತ್ತು ಮುದ್ರಣದ ಕಾರ್ಖಾನೆಗಳೆಲ್ಲ ತಮ್ಮ ಕಸದಿಂದಲೇ ಒಲೆ ಹೊತ್ತಿಸಿಕೊಳ್ಳಬಹುದೆಂದು ಪ್ರಾಜೆಕ್ಟ್ ವರದಿಯಲ್ಲಿ ಬರೆದೂಬಿಟ್ಟೆ. ಇಪ್ಪತ್ತಮೂರನೇ ವಯಸ್ಸಿನಲ್ಲಿ ಇಡೀ ಖಂಡದ ಪರವಾಗಿ ಮಾತಾಡುವುದು ಕಷ್ಟವಲ್ಲ.

ಎಲ್ಲವೂ ನಿಂತದ್ದು ರಾಡಿಯಲ್ಲಿ ಎಷ್ಟು ನೀರಿದೆ ಎಂಬುದರ ಮೇಲೆ; ಹೆಚ್ಚಿದ್ದರೆ ಜೊತೆಗೆ ಗ್ಯಾಸ್ ಸುಡದೆ ಅದು ಉರಿಯದು. ಬಾಯ್ಲರ್ ನೋಡಿಕೊಳ್ಳುತ್ತಿದ್ದ ಬ್ರೆಂಡನ್ ನನಗೆ ಗುಡ್ಡೆ ತೋರಿಸಿ, “ಮೇಲೆ ಒಣಗಿರೋದು ನೋಡಿ ಮೋಸಹೋಗ್ಬೇಡ. ಒಳಗೆ ಕೈ ಹಾಕು, ನಿನ್ನ ಪುಸ್ತಕ ಏನೂ ನೆನೆಯಲ್ಲ,” ಎಂದು ಅಣಕಿಸಿದ್ದ. ನಾನು ಹೊಸ ಜಾಕೆಟ್ಟಿನ ತೋಳು ಮಡಚಿ ಮೊಣಕೈವರೆಗೆ ಕೈ ತೂರಿಸಿದೆ. ಈ ಕಥೆಯನ್ನು ಎಷ್ಟೋ ಗೆಳೆಯರ ಮನೆಯ ಊಟದಲ್ಲಿ ಹೇಳಿದ್ದೇನೆ.

ಇವತ್ತು ನಾನು ಹಿಂಬಾಗಿಲಿಗೆ ಬರುವ ಅರ್ಧ ಗಂಟೆ ಮೊದಲು ಮೇಘನಾ ಫೋನ್ ಮಾಡಿದ್ದಳು. ಮೈಸೂರಿನ ಹುಡುಗಿ, ಈಗ ಅದೇ ಕೋರ್ಸಿನಲ್ಲಿದ್ದಾಳೆ.

“ಅಣ್ಣಾ, ಅದೇ ಕಾರ್ಖಾನೆ, ಅದೇ ರಾಡಿ. ನಂಗೆ ಮಾತ್ರ ನೀರು ನಿಮಗಿಂತ ತುಂಬಾ ಜಾಸ್ತಿ ಬರ್ತಿದೆ. ಮೂರು ಸಲ ಮಾಡ್ದೆ.”

“ಹಾಗಾದ್ರೆ ಗ್ಯಾಸ್ ಇಲ್ದೆ ಉರಿಯುತ್ತಾ?”

“ನನ್ನ ಪ್ರಕಾರ ಇಲ್ಲ. ನಿಮ್ಮ ಪ್ರಕಾರ ಗ್ರ್ಯಾಂಡಾಗಿ ಉರಿಯುತ್ತೆ. ತಪ್ಪು ನಂದೇ ಇರ್ಬೇಕು. ಶುಕ್ರವಾರ ಸಬ್ಮಿಷನ್, ನಂದು ತೆಗೆದು ನಿಮ್ಮ ನಂಬರ್ ಹಾಕ್ಬಿಡ್ತೀನಿ. ಸ್ಯಾಂಪಲ್ ಒಳಗಿಂದ ತಾನೇ ತೆಗೆದಿದ್ದು?”

“ಒಳಗಿಂದಲೇ,” ಎಂದೆ.

ಆಫೀಸಿನಲ್ಲಿ ಯಾರು ಯಾವ ಅಂಕಿ ತೋರಿಸಿದರೂ ಎಲ್ಲಿಂದ ಬಂತು ಎಂದು ಪೀಡಿಸುವವನು ನಾನು. ನನ್ನದನ್ನು ಎಂದೂ ಕೇಳಿಕೊಂಡಿರಲಿಲ್ಲ. ಆ ಪೆಟ್ಟಿಗೆಗಳ ಮುಂದೆ ನಿಂತು ಮತ್ತೆ ಆ ಗುಡ್ಡೆಯನ್ನು ನೆನೆದೆ. ರಾಡಿಯಿಂದ ಹೊರಬಂದ ಕೈ ಸ್ಪಷ್ಟವಾಗಿ ಕಂಡಿತು: ದಪ್ಪ ಮಣಿಕಟ್ಟು, ಒದ್ದೆಯಾಗಿ ಅಂಟಿಕೊಂಡ ಕೆಂಗೂದಲು. ನನ್ನ ಕೈಮೇಲೆ ಎಂದೂ ಕೆಂಗೂದಲು ಬೆಳೆದದ್ದಿಲ್ಲ.

ಕೈ ಹಾಕಿದ್ದು ಬ್ರೆಂಡನ್. ಜಾಕೆಟ್ ಉಳಿಸಿಕೊಳ್ಳಲು ನಾನು ಹಿಂದೆ ಸರಿದಿರಬೇಕು. ಆಮೇಲೆ ಸ್ಯಾಂಪಲ್ ಚೀಲಕ್ಕೆ ನಾನು ತುಂಬಿದ್ದು ಒಳಗಿನದೋ, ಮೇಲೆ ಒಣಗಿದ್ದೋ? ಗೊತ್ತಿಲ್ಲ. ಈ ಕೆಂಗೂದಲನ್ನೂ ಮನಸ್ಸು ಇವತ್ತೇ ಹುಟ್ಟಿಸಿಕೊಂಡಿರಬಹುದು. ಆದರೆ ‘ಒಳಗಿಂದಲೇ’ ಎಂದು ಹೇಳುವ ಹಕ್ಕು ನನಗಿರಲಿಲ್ಲ.

ತಿರುಗಿ ಫೋನ್ ಮಾಡಿದೆ. “ನಿನ್ನ ನಂಬರೇ ಇಡು. ಆಗ ಹೇಳಿದ್ದು ಸುಳ್ಳು. ಎಲ್ಲಿಂದ ತೆಗೆದೆ ಅಂತ ನಂಗೆ ನೆನಪಿಲ್ಲ.”

“ಅಯ್ಯೋ, ಗೈಡ್ ನಮಗೆಲ್ಲ ನಿಮ್ಮನ್ನೇ ಉದಾಹರಣೆ ಕೊಡೋದು ಅಣ್ಣಾ!”

“ಕೊಡಲಿ ಬಿಡು. ಈಗಲೂ ಉದಾಹರಣೆನೇ.”

ಅವಳು ನಗಲಿಲ್ಲ. “ಸ್ಯಾಂಪಲ್ ತೆಗೆದ ಜಾಗ ದಾಖಲಾಗಿಲ್ಲ, ಅಂತ ಬರೀಲಾ? ನಿಮ್ಮ ಹೆಸರು ಬೇಡ.”

“ಹೆಸರು ಹಾಕು. ಕೇಳಿದಾಗ ಬರೆದವನಿಗೇ ಗೊತ್ತಿರಲಿಲ್ಲ ಅಂತಲೂ ಸೇರಿಸು.”

ಆ ಕಡೆ ಕೀಬೋರ್ಡಿನ ಸದ್ದು ಶುರುವಾಯಿತು. ಅವಳು ಆ ವಾಕ್ಯ ಮುಗಿಸುವವರೆಗೂ ನಾನು ಫೋನ್ ಇಡಲಿಲ್ಲ.