ಐದು ಹುಣಸೆ ಬೀಜ ಹೆಚ್ಚು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಗೌನಿಪಲ್ಲಿ ಕಡೆಯ ಒಂದು ಹಳ್ಳಿಯಲ್ಲಿ ನರ್ಸಾಗಿದ್ದೆ. ಸಕ್ಕರೆ ಕಾಯಿಲೆಯ ಎಂಟು ಹೆಂಗಸರಿಗೆ, ಅನ್ನ ಬಿಟ್ಟು ಮುದ್ದೆ, ಸೊಪ್ಪು ತಿನ್ನಿ, ಬೆಳಿಗ್ಗೆ ಮಾವಿನ ತೋಪನ್ನು ಐದು ಸುತ್ತು ನಡೆಯಿರಿ ಎಂದು ಹೇಳಿ ಹೇಳಿ ಸಾಕಾಗಿತ್ತು. ಎರಡು ಸುತ್ತು ನಡೆದು ಐದು ಎನ್ನುತ್ತಿದ್ದರು. ಅದಕ್ಕೇ ಒಬ್ಬೊಬ್ಬರಿಗೂ ಐದು ಹುಣಸೆ ಬೀಜ ಎಣಿಸಿ ಕೊಟ್ಟು, ಸುತ್ತಿಗೊಂದರಂತೆ ಮಡಕೆಗೆ ಹಾಕಿಸತೊಡಗಿದೆ.

ಅವರಲ್ಲಿ ಹಿರಿಯಾಕೆಯೊಬ್ಬರೇ ನಿಯತ್ತಿನವರು. ಎಲ್ಲರೂ ಅವರನ್ನು ಅಕ್ಕ ಎನ್ನುತ್ತಿದ್ದರು. ಬರದವರ ಮನೆ ಬಾಗಿಲು ತಟ್ಟಿ ಎಳೆದು ತರುತ್ತಿದ್ದರು. ಒಂದು ಮಧ್ಯಾಹ್ನ ಅವರು ಕೂತಲ್ಲೇ ತೀರಿಕೊಂಡರು.

ತಿಥಿ ಮುಗಿದ ಮೇಲೆ ಉಳಿದ ಏಳು ಜನರಿಗೆ ಮೂವತ್ತೈದು ಬೀಜ ಕೊಟ್ಟೆ. ನಡಿಗೆ ಮುಗಿದು ಎಣಿಸಿದರೆ ಮಡಕೆಯಲ್ಲಿ ನಲವತ್ತಿದ್ದವು.

"ಯಾರ್ರೀ ಈ ಹುಡುಗಾಟ ಆಡ್ತಿರೋದು?" ಎಂದು ರೇಗಿದೆ.

"ದೇವರಾಣೆ, ನಾವಲ್ಲ ಸಿಸ್ಟರಮ್ಮಾ."

ಮರುದಿನ ಮಡಕೆಯ ಪಕ್ಕದಲ್ಲೇ ಕೂತು ಒಂದೊಂದು ಕೈಯನ್ನೂ ಕಾದೆ. ಎಣಿಸಿದರೆ ಮತ್ತೆ ನಲವತ್ತು. ಆಮೇಲೆ ಎಣಿಸುವುದನ್ನೇ ಬಿಟ್ಟೆ.

ಅಂದಿನಿಂದ ಆ ಏಳು ಜನ ಮಳೆಗೂ ಚಳಿಗೂ ನಡಿಗೆ ತಪ್ಪಿಸಲಿಲ್ಲ. ಎಲ್ಲರ ಸಕ್ಕರೆಯೂ ಹಿಡಿತಕ್ಕೆ ಬಂತು. ಇದನ್ನು ಕೇಳಿ ಕೋಲಾರದಿಂದ ಸಾಹೇಬರೊಬ್ಬರು ನೋಡಲು ಬಂದರು. ಬೇರೆ ಊರುಗಳಲ್ಲಿ ವಾರಕ್ಕೇ ನಿಂತುಹೋಗುವುದು ಇಲ್ಲಿ ಹೇಗೆ ನಡೆಯುತ್ತಿದೆ ಎಂದು ಕೇಳಿದರು.

"ತಪ್ಪಿಸಿದ್ರೆ ಅಕ್ಕ ಬಂದು ಬಾಗಿಲು ತಟ್ತಾರೆ ಸಾರ್," ಎಂದಳು ಒಬ್ಬಳು.

ಸಾಹೇಬರು ಖುಷಿಯಿಂದ ಬರೆದುಕೊಂಡರು. "ಭೇಷ್! ಎಲ್ಲಮ್ಮಾ ಆ ಅಕ್ಕ?"

ಏಳೂ ಜನ ಒಟ್ಟಿಗೆ ತೋಪಿನ ಕಡೆ ತಿರುಗಿದರು. ನಾನು ಮಾತ್ರ ತಿರುಗಲಿಲ್ಲ.