ಆರೋಗ್ಯಮ್ಮನಿಗಾಗಿ ಹಿಡಿದ ಜಾಗ

ಮೊನ್ನೆ ಆಸ್ಪತ್ರೆಯ ಔಷಧಿ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತಿದ್ದೆ. ರಕ್ತದೊತ್ತಡದ ಮಾತ್ರೆಗಾಗಿ ತಿಂಗಳಿಗೊಮ್ಮೆ ಅಲ್ಲಿಗೆ ಹೋಗಲೇಬೇಕು. ನನ್ನ ಮುಂದಿದ್ದ ಹೆಂಗಸು ಕೈಯಲ್ಲಿದ್ದ ಬಟ್ಟೆಚೀಲವನ್ನು ನೆಲದ ಮೇಲಿಟ್ಟು, "ಅಣ್ಣಾ, ಸ್ವಲ್ಪ ನೋಡ್ಕೊಳ್ಳಿ, ಈಗ ಬಂದೆ" ಎಂದು ಹೊರಟುಹೋದರು. ಸಾಲು ಮುಂದೆ ಸರಿಯಿತು. ನಾನು ಚೀಲವನ್ನು ಕಾಲಿನಿಂದ ತಳ್ಳಲು ಹೋದವನು, ಯಾಕೋ ತಡೆದು, ಬಗ್ಗಿ ಕೈಯಲ್ಲಿ ಎತ್ತಿಕೊಂಡೆ. ಬೇರೆಯವರಿಗಾಗಿ ಜಾಗ ಹಿಡಿದು ನಿಲ್ಲುವುದು ಎಂಥ ಕೆಲಸ ಎಂದು ಯೋಚಿಸುತ್ತಿದ್ದಂತೆ ಇನ್ನಾಸಪ್ಪನವರ ನೆನಪಾಯಿತು.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾನು ಶಿವಮೊಗ್ಗದ ಒಂದು ದಿನಪತ್ರಿಕೆಯಲ್ಲಿ ವರದಿಗಾರ. ವಿದ್ಯಾನಗರದಲ್ಲಿ ಇನ್ನಾಸಪ್ಪನವರ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗೆ ಇದ್ದೆ. ಅವರು ಭದ್ರಾವತಿಯ ಕಾರ್ಖಾನೆಯಲ್ಲಿ ಕ್ರೇನ್ ಓಡಿಸಿ ನಿವೃತ್ತರಾದವರು. ಜೀವಮಾನವೆಲ್ಲ ಎತ್ತರದಲ್ಲಿ ಕೂತು ಕೆಳಗಿನವರ ಕೈಸನ್ನೆ ನೋಡಿದ ಅಭ್ಯಾಸದಿಂದಲೋ ಏನೋ, ಎದುರಿಗಿದ್ದವರ ಮುಖಕ್ಕಿಂತ ಕೈಯನ್ನೇ ನೋಡಿ ಮಾತಾಡುತ್ತಿದ್ದರು. ಹೆಂಡತಿ ಆರೋಗ್ಯಮ್ಮ. ಕಥೋಲಿಕ ಕ್ರೈಸ್ತರು. ನನ್ನ ಅಮ್ಮನೋ, ಲಿಂಗಪೂಜೆ ಆಗದೆ ನೀರು ಮುಟ್ಟುವವಳಲ್ಲ. ನಾನು ಕೋಣೆ ಹಿಡಿದ ಸುದ್ದಿ ಕೇಳಿ "ಅಲ್ಲಿ ಬಾವಿ ನೀರೋ ನಲ್ಲಿ ನೀರೋ?" ಎಂದಷ್ಟೇ ಕೇಳಿದಳು. ಕೇಳಬೇಕೆಂದಿದ್ದುದು ಬೇರೆ ಎಂದು ನನಗೂ ಗೊತ್ತಿತ್ತು. ಒಮ್ಮೆ ಬಂದಾಗ ಆರೋಗ್ಯಮ್ಮನ ಜೊತೆ ಹಿತ್ತಲಲ್ಲಿ ಕೂತು ಮಂಡಿನೋವು, ಉಪವಾಸ, ಹರಕೆ ಎಂದು ಮಧ್ಯಾಹ್ನವೆಲ್ಲ ಮಾತಾಡಿದಳು. ಹೊರಡುವಾಗ ತೀರ್ಪು ಕೊಟ್ಟಳು: "ಅವಳೂ ನನ್ನಂಗೇ ಕಣೋ. ದೇವ್ರಿಗೆ ಕಾಟ ಕೊಡೋಳು."

ಹಬ್ಬಗಳ ವರದಿಗೆಂದು ನಾನು ಅವರ ಜೊತೆ ಚರ್ಚಿಗೆ ಹೋಗುತ್ತಿದ್ದೆ. ಆಮೇಲೆ ವರದಿ ಇಲ್ಲದ ಭಾನುವಾರವೂ ಹೋಗತೊಡಗಿದೆ. ಆರೋಗ್ಯಮ್ಮ ಹೆಂಗಸರ ಸಾಲಿನಲ್ಲಿ ಮುಂದೆ. ಇನ್ನಾಸಪ್ಪ ಕಟ್ಟಕಡೆಯ ಬೆಂಚಿನ ಹೊರತುದಿಯಲ್ಲಿ, ಕಂಬದ ಪಕ್ಕ. ಪೂಜೆಯ ಕೊನೆಯ ಹೊತ್ತಿಗೆ ಪರಮಪ್ರಸಾದ ಕೊಡುತ್ತಾರೆ. ಗೋಧಿಯ ತೆಳುವಾದ ಬಿಳಿ ಬಿಲ್ಲೆ. ಅವರ ಪಾಲಿಗೆ ಅದು ಸಾಕ್ಷಾತ್ ದೇವರು. ಒಂದೊಂದೇ ಬೆಂಚಿನವರು ಎದ್ದು ಮುಂದೆ ಹೋಗುತ್ತಾರೆ. ಇನ್ನಾಸಪ್ಪ ಏಳುತ್ತಿರಲಿಲ್ಲ. ಒಳಗೆ ಕೂತವರು ಅವರ ಮೊಣಕಾಲು ದಾಟಿ ಹೋಗಬೇಕು, ದಾಟಿ ಬರಬೇಕು. ಅವರು ಕಾಲನ್ನು ಪಕ್ಕಕ್ಕೆ ತಿರುಗಿಸಿ, ಬಸ್ಸಿನಲ್ಲಿ ಕಿಟಕಿ ಸೀಟಿನವರಿಗೆ ದಾರಿ ಬಿಡುವ ಹಾಗೆ ಬಿಡುತ್ತಿದ್ದರು. ನನಗೆ ಮೊದಲು ಇದರಲ್ಲಿ ಏನೂ ಕಾಣಲಿಲ್ಲ. ಆದರೆ ಆ ಚರ್ಚಿನಲ್ಲಿ ಯಾರು ಎದ್ದರು ಎಂಬುದಕ್ಕಿಂತ ಯಾರು ಏಳಲಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುತ್ತಿತ್ತು.

ಒಂದು ದಿನ ಅವರು ಅಂಗಳದಲ್ಲಿ ಸೈಕಲ್ ಚೈನಿಗೆ ಎಣ್ಣೆ ಬಿಡುತ್ತಿದ್ದಾಗ ಕೇಳಿಯೇಬಿಟ್ಟೆ.

"ಪ್ರಸಾದ ತಗೋಬೇಕಂದ್ರೆ ಮನಸ್ಸು ಚೊಕ್ಕ ಇರ್ಬೇಕು" ಎಂದರು. "ಇಲ್ದಿದ್ರೆ ಮೊದ್ಲು ಪಾಪನಿವೇದನೆ ಮಾಡ್ಬೇಕು. ಫಾದರ್ ಹತ್ರ ಮಂಡಿ ಊರಿ, ಹಿಂಗಿಂಗೆ ಮಾಡ್ದೆ, ತಪ್ಪಾಯ್ತು ಅನ್ಬೇಕು. ನಂಗೆ ತಪ್ಪಾಯ್ತು ಅಂತ ಅನ್ಸೇ ಇಲ್ವಲ್ಲ. ಮಗಳ ಮೇಲಿನ ಸಿಟ್ಟು ಹೋಯ್ತು ಅಂತ ಸುಳ್ಳು ಹೇಳ್ಲಾ? ಡ್ಯೂಟಿ ಮಾಡ್ದೆ ಓವರ್‌ಟೈಮ್ ಬರ್ಸಿದಂಗೆ ಆಗುತ್ತೆ ಮಾರಾಯ."

ಮಗಳು ಸೆಲಿನ್, ಒಬ್ಬಳೇ. ಭದ್ರಾವತಿಯಲ್ಲಿ ಇವರ ಜೊತೆ ಕೆಲಸ ಮಾಡುತ್ತಿದ್ದವರ ಮಗನನ್ನು ಮೆಚ್ಚಿ, ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾಗಿದ್ದಳು. ಹುಡುಗ ಹಿಂದೂ. ಅವಳು ಕದ್ದು ಹೋಗಿರಲಿಲ್ಲ. ತಿಂಗಳುಗಟ್ಟಲೆ ಅಪ್ಪನ ಒಪ್ಪಿಗೆ ಕೇಳಿದ್ದಳು. ಮದುವೆಯ ದಿನ ಬೆಳಿಗ್ಗೆ ಗೇಟಿನ ಮುಂದೆ ಬಂದು ನಿಂತಿದ್ದಳಂತೆ. ಇನ್ನಾಸಪ್ಪ ಬಾಗಿಲು ತೆರೆಯಲಿಲ್ಲ. ಮಗು ಹುಟ್ಟಿದಾಗ ಬಸ್ ಕಂಡಕ್ಟರ್ ಕೈಯಲ್ಲಿ ಸಿಹಿಯ ಡಬ್ಬಿ ಕಳಿಸಿದಳು. ಅದೇ ಬಸ್ಸು ವಾಪಸು ಹೊರಟಾಗ ಡಬ್ಬಿಯೂ ವಾಪಸು ಹೋಯಿತು.

ಆರೋಗ್ಯಮ್ಮ ಬುಧವಾರ ಬುಧವಾರ ಚರ್ಚಿನ ನೊವೇನಾ ಪ್ರಾರ್ಥನೆಗೆಂದು ಹೇಳಿ ಹೊರಡುತ್ತಿದ್ದರು. ಹೋಗುತ್ತಿದ್ದುದು ಭದ್ರಾವತಿಗೆ. ಪ್ರಾರ್ಥನಾ ಪುಸ್ತಕದ ಕೆಳಗೆ ಮಗುವಿನ ಫ್ರಾಕು, ಚಕ್ಕುಲಿ. ಇದು ಇನ್ನಾಸಪ್ಪನಿಗೆ ಗೊತ್ತಿರಲಿಲ್ಲ ಎಂದು ನಂಬುವಷ್ಟು ಕೆಟ್ಟ ವರದಿಗಾರ ನಾನಲ್ಲ. ಚರ್ಚು ಒಂದು ದಿಕ್ಕಿಗೆ, ಬಸ್ ಸ್ಟ್ಯಾಂಡು ಇನ್ನೊಂದು ದಿಕ್ಕಿಗೆ. ಅವರೇ ಹೆಂಡತಿಯನ್ನು ಸೈಕಲ್ ಮೇಲೆ ಕೂರಿಸಿಕೊಂಡು ಬಸ್ ಸ್ಟ್ಯಾಂಡಿಗೆ ಬಿಟ್ಟು, "ನೊವೇನಾಗೆ ಲೇಟಾಯ್ತು, ಬೇಗ ಹತ್ತು" ಎನ್ನುತ್ತಿದ್ದರು.

ಕಾರ್ಮಿಕರ ಒಂದು ಸಭೆಯ ವರದಿಗೆ ಭದ್ರಾವತಿಗೆ ಹೋದಾಗ ನಾನೂ ಆರೋಗ್ಯಮ್ಮನ ಜೊತೆ ಸೆಲಿನ್ ಮನೆಗೆ ಹೋದೆ. ಕಾರ್ಖಾನೆಯ ಹಳೆಯ ಕ್ವಾರ್ಟರ್ಸು. ಪಕ್ಕದ ಮನೆಯಿಂದ ತಮಿಳಿನಲ್ಲಿ ಬೈಗುಳ, ಎದುರು ಮನೆಯಿಂದ ತೆಲುಗಿನಲ್ಲಿ ಸಮಾಧಾನ. ಸೆಲಿನ್ ಟೀ ಕೊಟ್ಟು, ಅಮ್ಮ ಮಗುವನ್ನು ಎತ್ತಿಕೊಂಡು ಹೊರಗೆ ಹೋದದ್ದು ನೋಡಿ, ಮೆಲ್ಲಗೆ ಕೇಳಿದಳು:

"ಅಪ್ಪ ಇನ್ನೂ ಲಾಸ್ಟ್ ಬೆಂಚಾ?"

ಹೌದು ಎಂದೆ.

"ಇರ್ಲಿ ಬಿಡಿ" ಎಂದಳು. "ಸುಮ್ನೆ ಎದ್ದು ಹೋಗಿ ಪ್ರಸಾದ ತಗೊಂಡ್ಬಿಟ್ಟಿದ್ರೆ, ನಾನು ಸತ್ತೆ ಅಂತ ಲೆಕ್ಕ. ಕೂತಿದಾರೆ ಅಂದ್ರೆ ನಾನಿನ್ನೂ ಇದೀನಿ."

ಆ ವರ್ಷದ ತಪಸ್ಸುಕಾಲದಲ್ಲಿ, ಎಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ವಾರಗಳಲ್ಲಿ, ಬೇರೆ ಊರಿನಿಂದ ಒಬ್ಬ ನಿವೃತ್ತ ಬಿಷಪ್ ಧ್ಯಾನಕೂಟ ನಡೆಸಲು ಬಂದರು. ಬಿಷಪ್ ಎಂದರೆ ಒಂದು ಸೀಮೆಯ ಎಲ್ಲ ಚರ್ಚುಗಳ ಯಜಮಾನ. ನಾನು ನಿರೀಕ್ಷಿಸಿದ್ದು ಕಾರು, ಹಾರ, ಹಿಂದೆ ನಾಲ್ಕು ಜನ. ಬಂದದ್ದು ಒಂದು ಆಟೋ. ಇಳಿದದ್ದು ಸಣಕಲು ಮುದುಕರು. ಚಿಲ್ಲರೆಗಾಗಿ ಜೇಬು ತಡಕಾಡುತ್ತಿದ್ದರು. ಅವರ ಪ್ರವಚನದ ಬಗ್ಗೆ ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಹಿಂದಿನ ಬೆಂಚಿಗೆ ಕೇಳಿಸಿದ್ದು ಮೈಕಿನ ಕೀರಲು ಮಾತ್ರ. "ಒಳ್ಳೇ ಮನುಷ್ಯ. ಮಾತಾಡಕ್ಕೆ ಬರಲ್ಲ" ಎಂದು ಇನ್ನಾಸಪ್ಪ ಒಂದೇ ಮಾತಿನಲ್ಲಿ ಮುಗಿಸಿದರು.

ಕೊನೆಯ ದಿನ ಸಂಜೆ ಪಾಪನಿವೇದನೆ. ಊರಿನ ಚರ್ಚಿನ ಫಾದರ್‌ಗೆ ನೆರವಾಗಲು ಹೊರಗಿನಿಂದ ಒಬ್ಬ ಎಳೆಯ ಫಾದರ್ ಬಂದಿದ್ದರು. ಚರ್ಚಿನ ಎರಡು ಮೂಲೆಗಳಲ್ಲಿ ಎರಡು ಮರದ ಜಾಲರಿ, ಜಾಲರಿಯ ಆ ಕಡೆ ಫಾದರ್, ಈ ಕಡೆ ಮಂಡಿ ಊರಲು ಹಲಗೆ. ಎರಡು ಸಾಲು. ಗುರುತಿಲ್ಲದವರಿಗೆ ಹೇಳುವುದು ಸುಲಭ ಎಂದು ಎಳೆಯ ಫಾದರ್ ಕಡೆಯ ಸಾಲೇ ಉದ್ದ. ಆರೋಗ್ಯಮ್ಮ ಆ ಸಾಲಿನಲ್ಲಿದ್ದರು. ಇನ್ನಾಸಪ್ಪ ಹೆಂಡತಿಯನ್ನು ಕರೆದೊಯ್ಯಲು ಬಂದು ಬಾಗಿಲಲ್ಲಿ ನಿಂತಿದ್ದರು. ನಾನು ವರದಿಗೆ ನಾಲ್ಕು ಸಾಲು ಬೇಕೆಂದು ಆ ಸಾಲಿನ ಪಕ್ಕದ ಕಂಬದ ಬಳಿಯಿದ್ದೆ.

ಆರೋಗ್ಯಮ್ಮ ಗಂಡನನ್ನು ಕೈಸನ್ನೆ ಮಾಡಿ ಕರೆದರು. "ರೀ, ಸ್ವಲ್ಪ ನನ್ನ ಜಾಗದಲ್ಲಿ ನಿಂತಿರಿ. ಹೊರಗೆ ದೇವಮಾತೆ ಗವಿ ಹತ್ರ ಮೇಣದಬತ್ತಿ ಹಚ್ಚಿ ಈಗ ಬಂದೆ."

ಕೈಸನ್ನೆಗೆ ಇಲ್ಲ ಎನ್ನುವುದು ಕ್ರೇನಿನವರಿಗೆ ಗೊತ್ತಿಲ್ಲ. ಇನ್ನಾಸಪ್ಪ ಬಂದು ನಿಂತರು. ನನ್ನ ಕಡೆ ನೋಡಿ, "ಪಾಪ ಅವಳ್ದು, ಸಾಲು ನಂದು" ಎಂದು ಮೀಸೆಯಲ್ಲೇ ನಕ್ಕರು.

ಆಗ ಬಿಷಪ್ ಬಂದರು. ತಲೆಯ ಮೇಲಿನ ಪುಟ್ಟ ಟೋಪಿಯನ್ನು ತೆಗೆದು ಮಡಚಿ ಜೇಬಿಗಿಟ್ಟುಕೊಂಡು, ಸಾಲಿನ ಕೊನೆ ಹುಡುಕಿ, ಇನ್ನಾಸಪ್ಪನವರ ಹಿಂದೆ ನಿಂತರು. ಅವರೂ ಪಾಪ ನಿವೇದಿಸಿಕೊಳ್ಳಬೇಕು ಎಂಬುದು ಅಲ್ಲಿದ್ದವರಿಗೆ ತಿಳಿಯದ ವಿಷಯವಲ್ಲ. ಆದರೆ ತಿಳಿದಿರುವುದು ಬೇರೆ, ಕಣ್ಣಾರೆ ಕಾಣುವುದು ಬೇರೆ. ಸಾಲಿಗೆ ಸಾಲೇ ಗಲಿಬಿಲಿಗೊಂಡು ದಾರಿ ಬಿಟ್ಟಿತು.

"ಸ್ವಾಮಿ, ನೀವು ಮುಂದೆ ಹೋಗಿ" ಎಂದರು ಇನ್ನಾಸಪ್ಪ.

"ಇಲ್ಲಪ್ಪ. ನಾನು ನಿಮ್ಮ ಹಿಂದೆ ಬಂದವನು."

ಜನ ಮತ್ತೆ ಸಾಲಾದರು. ಒಬ್ಬೊಬ್ಬರಾಗಿ ಮುಗಿಯುತ್ತಿದ್ದರು. ಇನ್ನಾಸಪ್ಪ ಬಾಗಿಲ ಕಡೆ ಕತ್ತು ತಿರುಗಿಸಿದ್ದೇ ತಿರುಗಿಸಿದ್ದು. ಆರೋಗ್ಯಮ್ಮನ ಸುಳಿವಿಲ್ಲ. ಮುಂದೆ ಇನ್ನು ಇಬ್ಬರಿದ್ದಾಗ ಅವರು ಹಿಂದಕ್ಕೆ ತಿರುಗಿ ತಗ್ಗಿದ ದನಿಯಲ್ಲಿ ಹೇಳಿದರು:

"ಸ್ವಾಮಿ, ನಾನು ಹೆಂಡ್ತಿಗೆ ಜಾಗ ಹಿಡಿದು ನಿಂತೋನು. ನಂಗಿಲ್ಲಿ ಕೆಲ್ಸ ಇಲ್ಲ."

"ನನಗೂ ಪ್ರತಿಸಲ ಹಾಗೇ ಅನ್ಸುತ್ತೆ" ಎಂದರು ಬಿಷಪ್.

ಇನ್ನಾಸಪ್ಪ ಅವರ ಕೈಯನ್ನೇ ನೋಡುತ್ತಿದ್ದರು. "ನಿಮಗೇನು ಸ್ವಾಮಿ ಹೇಳಕ್ಕಿರುತ್ತೆ?"

"ಹೋದ ವರ್ಷ ಹೇಳಿದ್ದೇ. ಅದೇ ಬೇಜಾರು. ಒಬ್ಬರ ಮೇಲೆ ಸಿಟ್ಟಿದೆ. ಪ್ರತಿ ವರ್ಷ ಹೇಳ್ತೀನಿ, ಹೋಗಲ್ಲ."

"ಹೋಗದೇ ಇರೋದನ್ನ ಹೇಳಿ ಏನು ಬಂತು?"

ಮುದುಕರು ಪಕ್ಕದ ಬೆಂಚಿಗೆ ಕೈ ಊರಿದರು. "ಹೋಗಿಲ್ಲ ಅಂತ ಹೇಳಕ್ಕೇ ನಿಲ್ತೀನಿ" ಎಂದರು. "ಮನೇಲಿ ಕೂತ್ರೆ ಅದು ನಂದೇ ಆಸ್ತಿ ಆಗ್ಬಿಡುತ್ತೆ."

ಸಾಲು ಕರಗಿತು. ಮಂಡಿ ಊರುವ ಹಲಗೆ ಖಾಲಿಯಾಯಿತು. ಇನ್ನಾಸಪ್ಪ ಬಾಗಿಲನ್ನು ಇನ್ನೊಮ್ಮೆ ನೋಡಿದರು. ಪಕ್ಕಕ್ಕೆ ಸರಿದುಬಿಡಬಹುದಿತ್ತು, ಯಾರೂ ಏನೂ ಅನ್ನುತ್ತಿರಲಿಲ್ಲ. ಸರಿಯಲಿಲ್ಲ. ಹೋಗಿ ಮಂಡಿ ಊರಿದರು.

ಜಾಲರಿಯ ಹತ್ತಿರ ಏನು ಮಾತಾಯಿತು ಎಂದು ನನಗೆ ಗೊತ್ತಿಲ್ಲ. ಕೇಳಿಸಿಕೊಂಡ ಫಾದರ್ ಜೀವ ಹೋದರೂ ಹೇಳುವಂತಿಲ್ಲ. ಕೇಳಿ ಕೇಳಿ ಹೊಟ್ಟೆ ಹೊರೆದವನು ನಾನು. ಅದೊಂದನ್ನು ಇನ್ನಾಸಪ್ಪನವರ ಹತ್ತಿರ ಎಂದೂ ಕೇಳಲಿಲ್ಲ. ಉಳಿದವರಿಗಿಂತ ಹೆಚ್ಚು ಹೊತ್ತು ಹಿಡಿಯಿತು ಎಂಬುದಷ್ಟೇ ನಾನು ಕಂಡದ್ದು. ಅಷ್ಟು ಹೊತ್ತೂ ಬಿಷಪ್ ಬೆಂಚು ಹಿಡಿದುಕೊಂಡು, ಭಾರವನ್ನು ಈ ಕಾಲಿನಿಂದ ಆ ಕಾಲಿಗೆ ಬದಲಿಸುತ್ತ ನಿಂತಿದ್ದರು. ಆಮೇಲೆ ಅವರ ಸರದಿ. ಜಾಲರಿಯ ಹಿಂದಿನ ಎಳೆಯ ಫಾದರ್ ಗಾಬರಿಯಿಂದ ಎದ್ದು ನಿಂತರು. ಬಿಷಪ್ ಕೂತ್ಕೊಳ್ಳಿ ಎಂದು ಕೈಸನ್ನೆ ಮಾಡಿ, ಕಷ್ಟಪಟ್ಟು ಮಂಡಿ ಊರಿದರು. ಬಾಗಿಲ ತನಕ ಹೋಗಿದ್ದ ಇನ್ನಾಸಪ್ಪ ಅದನ್ನು ನೋಡಿ ವಾಪಸು ಬಂದು, ದೂರದಲ್ಲೇ ಕಾದು, ಮುದುಕರು ಏಳುವಾಗ ತೋಳು ಹಿಡಿದು ಎತ್ತಿದರು.

ಆರೋಗ್ಯಮ್ಮ ಗವಿಯ ಮುಂದೆಯೇ ಇದ್ದರು. ಮೇಣದಬತ್ತಿ ಅರ್ಧ ಕರಗಿತ್ತು. ಯಾಕೆ ಬರಲಿಲ್ಲ ಎಂದು ಕೇಳಿದೆ.

"ಬಂದು ನೋಡ್ದೆ. ಇವ್ರ ಹಿಂದೆ ಬಿಷಪ್ ನಿಂತವ್ರೆ. ಅವರ ಮುಂದೆ ನುಗ್ಗಕ್ಕಾಗುತ್ತಾ? ಮರ್ಯಾದೆ ಬೇಡ್ವಾ?" ಎಂದರು. ಅವರ ಮುಖದಿಂದ ಇನ್ನೇನನ್ನೂ ಓದಲು ನನ್ನಿಂದಾಗಲಿಲ್ಲ.

ಕಚೇರಿಯಲ್ಲಿ ಸುದ್ದಿ ಬರೆದುಕೊಟ್ಟೆ: ಬಿಷಪ್ ಸಾಮಾನ್ಯರ ಸಾಲಿನಲ್ಲಿ. ಹಿರಿಯ ಉಪಸಂಪಾದಕರು ಕನ್ನಡಕದ ಮೇಲಿನಿಂದ ನೋಡಿದರು. "ಸಾಲಲ್ಲಿ ನಿಂತಿದ್ದು ಏನು ಸುದ್ದಿನಪ್ಪ? ಸಾಲು ಮುರಿದು ನುಗ್ಗಿದ್ರೆ ಸುದ್ದಿ." ಮರುದಿನ ಒಳಪುಟದಲ್ಲಿ, ಸಹಕಾರ ಸಂಘದ ಸಭೆಯ ಕೆಳಗೆ, "ಧ್ಯಾನಕೂಟ ಸಂಪನ್ನ" ಎಂದು ಬಂತು. ವೃತ್ತಿಯ ದೃಷ್ಟಿಯಿಂದ ಅವರು ಹೇಳಿದ್ದು ಸರಿ ಎಂದೇ ಈಗಲೂ ಅನಿಸುತ್ತದೆ.

ಆ ಶನಿವಾರ ಬೆಳಿಗ್ಗೆ ಇನ್ನಾಸಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ನನ್ನ ಕೋಣೆಯ ಬಾಗಿಲಿಗೆ ಬಂದರು. "ಭದ್ರಾವತಿಗೆ ಬಸ್ಸು ಎಷ್ಟೊತ್ತಿಗಿದೆ?" ಎಂದು ಕೇಳಿದರು. ಆ ದಾರಿಯ ಡ್ರೈವರ್‌ಗಳ ಮಕ್ಕಳ ಹೆಸರೂ ಅವರಿಗೆ ಗೊತ್ತಿತ್ತು. ನಾನು ಚಪ್ಪಲಿ ಮೆಟ್ಟಿಕೊಂಡೆ. ದಾರಿಯುದ್ದಕ್ಕೂ ಅವರು ಕಾರ್ಖಾನೆಯ ಕುಲುಮೆಯ ಬಗ್ಗೆ ಮಾತಾಡಿದರು. ಕ್ವಾರ್ಟರ್ಸಿನಲ್ಲಿ ಸೆಲಿನ್ ಬಾಗಿಲು ತೆರೆದು, ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಳ್ಳುವುದನ್ನೂ ಮರೆತು ನಿಂತಳು. ಇನ್ನಾಸಪ್ಪ ಅವಳ ಕೈಯನ್ನೇ ನೋಡಿದರು.

"ಸಿಟ್ಟು ಇನ್ನೂ ಹೋಗಿಲ್ಲ" ಎಂದರು. "ಹೇಳ್ಬಿಟ್ಟು ಹೋಗಣ ಅಂತ ಬಂದೆ."

ಸೆಲಿನ್ ಬಾಗಿಲಿನಿಂದ ಪಕ್ಕಕ್ಕೆ ಸರಿದಳು. "ಒಳಗೆ ಬಂದು ಹೇಳಿ" ಎಂದಳು.

ಅವರು ಚಪ್ಪಲಿ ಬಿಟ್ಟು ಒಳಗೆ ಹೋದರು. ನಾನು ಎದುರಿನ ಗೂಡಂಗಡಿಯಲ್ಲಿ ಟೀ ಕುಡಿದೆ. ಆಮೇಲೆ ಇನ್ನೊಂದು ಕುಡಿದೆ.

ಈಸ್ಟರ್ ದಿನ ಕೊನೆಯ ಬೆಂಚಿನವರು ಎದ್ದಾಗ ಇನ್ನಾಸಪ್ಪನೂ ಎದ್ದರು. ಅಭ್ಯಾಸಬಲದಿಂದ ಅವರ ಮೊಣಕಾಲು ದಾಟಲು ಕಾಲೆತ್ತಿದ ಪಕ್ಕದವರು ಗಾಳಿಯಲ್ಲಿ ಎಡವಿದರು. ಮುಂದೆ ಆರೋಗ್ಯಮ್ಮ ತಿರುಗಿ ನೋಡಲಿಲ್ಲ. ತಲೆಯ ಮೇಲಿನ ಸೆರಗನ್ನು ಎರಡು ಸಲ ಸರಿಮಾಡಿಕೊಂಡರು. ಸಿಟ್ಟು ಪೂರ್ತಿ ಹೋಯಿತೆಂದು ನಾನು ಹೇಳಲಾರೆ. ಅಳಿಯನ ಜೊತೆ ಅವರು ವರ್ಷಗಟ್ಟಲೆ ಹವಾಮಾನ ಬಿಟ್ಟು ಬೇರೆ ಮಾತಾಡಲಿಲ್ಲ. ಆದರೆ ಪ್ರತಿ ತಪಸ್ಸುಕಾಲದಲ್ಲೂ ಆ ಸಾಲಿನಲ್ಲಿ ತಾವೇ ಹೋಗಿ ನಿಲ್ಲುತ್ತಿದ್ದರು. ಬಿಷಪ್ ಮತ್ತೆ ಆ ಕಡೆ ಬರಲಿಲ್ಲ. ಅವರ ಪ್ರವಚನದ ಒಂದು ಮಾತೂ ಯಾರಿಗೂ ನೆನಪಿಲ್ಲ.

ಕಿಟಕಿಗೆ ಇನ್ನು ನಾಲ್ಕೈದು ಜನ. ಚೀಲದ ಹೆಂಗಸು ಬಂದಿರಲಿಲ್ಲ. "ಅವರೆಲ್ಲಿ ಬರ್ತಾರೆ, ಮುಂದೆ ಹೋಗಿ ಸಾರ್" ಎಂದು ಹಿಂದಿನವರು ಗೊಣಗಿದರು. ಅಷ್ಟರಲ್ಲಿ ಕಾವಲಿನವನು ನನ್ನ ಗುರುತು ಹಿಡಿದ. "ಸಾರ್, ಪೇಪರ್‌ನೋರು ನೀವ್ಯಾಕೆ ಇಲ್ಲಿ ನಿಂತಿದೀರಿ? ಮುಂದೆ ಬನ್ನಿ, ಈಗ್ಲೇ ಕೊಡಿಸ್ತೀನಿ."

ಹಿಂದೆಲ್ಲ ನಾನು ಹಾಗೆ ಹೋದವನೇ.

"ಬೇಡ ಮಾರಾಯ" ಎಂದೆ. "ನಾನು ಇವರ ಹಿಂದೆ ಬಂದವನು."

ಅವನು ನನ್ನ ಮುಂದಿನ ಖಾಲಿ ಜಾಗವನ್ನು ನೋಡಿದ, ನನ್ನ ಕೈಯಲ್ಲಿದ್ದ ಚೀಲವನ್ನು ನೋಡಿದ. ನಾನು ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡು, ಬಾಗಿಲ ಕಡೆ ಕತ್ತು ತಿರುಗಿಸಿದೆ.